ಕಾಯಂ ಆದ ಕೋಟು

ತಾಮ್ರದ ತಂಬಿಗೆಯಲ್ಲಿ ಕೆಂಡ ತುಂಬಿ ಲೀಲಾಬಾಯಿ ಗಂಡನ ಕರಿ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ, ಆದರೆ ತಂಬಿಗೆಗೇನೂ ಬರವಿರಲಿಲ್ಲ. ನೀರು ಕುಡಿಯುವವರು ಇಬ್ಬರೇ. ತಂಬಿಗೆ, ಪಂಚಪಾತ್ರೆ, ತಾಟುಗಳು ಮಾತ್ರ ಗೂಡು ತುಂಬಿ, ಅಟ್ಟ ಏರಿ, ಈಗ ದೇವರ ಮನೆಯ ಮೂಲೆಯನ್ನೂ ಹಿಡಿದಿದ್ದವು. ಎಲ್ಲವೂ ಊರವರು ತಮ್ಮ ಸತ್ತ ಅಪ್ಪ, ಅಜ್ಜಂದಿರ ಹೆಸರಿನಲ್ಲಿ ದಾನ ಕೊಟ್ಟವು. ಯಾವ ತಂಬಿಗೆ ಯಾರ ಅಪ್ಪನದು ಎಂಬುದು ಲೀಲಾಬಾಯಿಗೆ ಈಗ ಬಾಯಿಪಾಠವಾಗಿತ್ತು. ಕೆಂಡ ತುಂಬಿದ್ದು ಗಜೇಂದ್ರಗಡದ ಪೋಸ್ಟ್ ಮಾಸ್ತರರ ಅಪ್ಪನ ತಂಬಿಗೆ. ಅದರ ತಳ ಸಪಾಟಾಗಿತ್ತು.

"ಇವತ್ತೊಂದು ದಿನ ಈ ಕೋಟು ಮನುಷ್ಯರ ಮೈಮ್ಯಾಲ ಇರ್ಲಿ, ದೇವರೇ" ಎಂದು ಅವಳು ಬಾಯಿಬಿಟ್ಟು ಹೇಳಿಕೊಂಡಳು. ಹಾಗೆ ಬೇಡಿಕೊಳ್ಳಲು ಕಾರಣವಿತ್ತು.

ಅವಳ ಗಂಡ ವಾಸುದೇವಾಚಾರ್ಯ ಸೂಡಿ, ಗದುಗಿನ ಒಂದು ಹೊಸ ಕಾಲೇಜಿನಲ್ಲಿ ಸಂಸ್ಕೃತದ ಲೆಕ್ಚರರು. ಮನೆ ರೋಣದಲ್ಲಿ. ದಿನವೂ ಬಸ್ಸಿನಲ್ಲಿ ಗದುಗಿಗೆ ಹೋಗಿ ಬರಬೇಕು. ನೌಕರಿ ನಾಲ್ಕು ವರ್ಷದಿಂದ ಹಂಗಾಮಿ. ಮೇ ತಿಂಗಳು ಬಂತೆಂದರೆ ಕೈಬಿಟ್ಟು, ಜೂನ್ ಬಂತೆಂದರೆ ಮತ್ತೆ ಕರೆಯುವ ನೌಕರಿ. ಅಂದು ಮಧ್ಯಾಹ್ನ ಮೂರಕ್ಕೆ ಧಾರವಾಡದಿಂದ ಒಬ್ಬ ಪ್ರೊಫೆಸರು ಬಂದು ಸೂಡಿಯವರ ಪಾಠ ಕೂತು ನೋಡುವವರಿದ್ದರು. ಪಾಠ ಅವರಿಗೆ ಒಪ್ಪಿಗೆಯಾದರೆ ನೌಕರಿ ಕಾಯಂ. ನೌಕರಿ ಕಾಯಂ ಆದ ದಿನ ಎಲೆ ಬಿಡುತ್ತೇನೆ ಎಂದು ವಾಸುದೇವಾಚಾರ್ಯರು ಹೆಂಡತಿಗೆ ನಂದಾದೀಪದ ಮುಂದೆ ನಿಂತು ಮಾತು ಕೊಟ್ಟಿದ್ದರು.

ಎಲೆ ಅಂದರೆ ಶ್ರಾದ್ಧದ ಎಲೆ. ತಿಥಿ ಮಾಡುವವರ ಮನೆಯಲ್ಲಿ ಸತ್ತವರ ಸ್ಥಾನದಲ್ಲಿ ಕೂತು ಊಟ ಮಾಡುವ ಬ್ರಾಹ್ಮಣರು ಬೇಕು. ಸೂಡಿಯವರ ತಂದೆ ಜೀವಮಾನವಿಡೀ ಅದೇ ಮಾಡಿದವರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಅವರನ್ನು ಎಲೆಗೆ ಕರೆಯುವ ಮನೆಗಳಿದ್ದವು. ಸಾಯುವಾಗ ಮಗನ ಕೈ ಹಿಡಿದು, "ಮನಿ ಬಿಡಬ್ಯಾಡ" ಎಂದರು. ಮಗ ಬಿಡಲಿಲ್ಲ. ಮೊದಲು ವರ್ಷಕ್ಕೆ ಎರಡು ಎಲೆ, ಅಪ್ಪನ ಮಾತಿಗೆ. ಆಮೇಲೆ ಕಾಲೇಜಿನ ಪಗಾರ ತಿಂಗಳುಗಟ್ಟಲೆ ತಡವಾಗತೊಡಗಿದಾಗ ತಿಂಗಳಿಗೆ ಎರಡು. ಈಗ ಪಿತೃಪಕ್ಷ ಬಂತೆಂದರೆ ಹದಿನೈದು ದಿನವೂ ಆಚಾರ್ಯರು ಯಾರದೋ ಅಪ್ಪನೋ ಅಜ್ಜನೋ ಆಗಿರುತ್ತಿದ್ದರು. ಸ್ವತಃ ವಾಸುದೇವಾಚಾರ್ಯ ಆಗಿರಲು ಅವರಿಗೆ ಪುರಸೊತ್ತೇ ಇರುತ್ತಿರಲಿಲ್ಲ.

ಊಟಕ್ಕೆ ಕೂತು ಬಂದರೆ ಏನು ಗಂಟು ಹೋಯಿತು ಎಂದು ಕೇಳಬಹುದು. ಹೋಗುವುದೆಲ್ಲ ಅದರಲ್ಲೇ ಹೋಗುತ್ತಿತ್ತು. ಹಿಂದಿನ ರಾತ್ರಿಯಿಂದ ಉಪವಾಸ, ಮಧ್ಯಾಹ್ನ ಹೊಟ್ಟೆ ಬಿರಿಯುವ ಊಟ, ಆಮೇಲೆ ಕಣ್ಣು ಎಳೆಯುವ ನಿದ್ದೆ. ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಶ್ರಾದ್ಧದ ಊಟ ಉಂಡವರು ಆ ದಿನ ಮತ್ತೆ ಉಣ್ಣಬಾರದು, ದೂರ ಪ್ರಯಾಣ ಮಾಡಬಾರದು, ಓದಬಾರದು, ಪಾಠ ಹೇಳಬಾರದು ಎಂದು ಶಾಸ್ತ್ರವಿದೆ. ಎಲೆ ಒಂದು ಕಡೆ, ಪಾಠ ಒಂದು ಕಡೆ. ಒಂದು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. ಜಗತ್ತಿನಲ್ಲಿ ಮೇಷ್ಟರು ಮಾಡಲಾರದ ಜೋಡುಕೆಲಸ ಅಂತ ಒಂದಿದ್ದರೆ ಅದು ಇದೇ. ಅದನ್ನೇ ಹುಡುಕಿ ಹಿಡಿದಿದ್ದರು ನಮ್ಮ ಸೂಡಿ ಸರ್.

ಅವರೊಬ್ಬರನ್ನೇ ಯಾಕೆ ಅನ್ನಬೇಕು. ಆ ಕಾಲೇಜು ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ, ನಡುವೆ ತಟ್ಟಿ ಕಟ್ಟಿ ಕ್ಲಾಸು ಮಾಡಿದ್ದರು. ಅರ್ಥಶಾಸ್ತ್ರದವರು ಎರಡು ಪಿರಿಯಡ್ಡಿನ ನಡುವೆ ದಲಾಲಿ ಅಂಗಡಿಗೆ ಓಡಿ ಲೆಕ್ಕ ಬರೆದು ಬರುತ್ತಿದ್ದರು. ಇಂಗ್ಲಿಷಿನವರು ವಿಮೆ ಮಾಡಿಸುತ್ತಿದ್ದರು, ಹುಡುಗರು ಪಾಠದಲ್ಲಿ ಸಂಶಯ ಕೇಳಿದರೆ "ನಿಮ್ಮಪ್ಪಗ ಎಷ್ಟು ವರ್ಷ?" ಎಂದು ತಿರುಗಿ ಕೇಳುತ್ತಿದ್ದರು. ಗಣಿತದವರು ಮುಂಜಾನೆ ಸಾಹುಕಾರರ ಮಕ್ಕಳಿಗೆ ಟ್ಯೂಷನ್ ಹೇಳಿ ಹೇಳಿ, ಕ್ಲಾಸಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತಿತ್ತು. ಯಾರೂ ಯಾರ ಮೇಲೂ ಚಾಡಿ ಹೇಳುತ್ತಿರಲಿಲ್ಲ. ಎಲ್ಲರೂ ಒಂದೊಂದು ಕೋಟು ತಂದು ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದರು. ಪ್ರಿನ್ಸಿಪಾಲರು ಸುತ್ತು ಬಂದರೆ ಕೋಟು ಕಾಣುತ್ತಿತ್ತು. ಕೋಟಿದ್ದರೆ ಮನುಷ್ಯ ಇಲ್ಲೇ ಎಲ್ಲೋ ಇದ್ದಾನೆ ಎಂದು ಅವರು ಸಮಾಧಾನಪಟ್ಟು ಮುಂದೆ ಹೋಗುತ್ತಿದ್ದರು. ಸೂಡಿ ಸರ್ ಕೋಟು ತಿಂಗಳಾನುಗಟ್ಟಲೆ ಗದುಗಿನಲ್ಲೇ ಇರುತ್ತಿತ್ತು. ತಪಾಸಣೆ ಇದೆಯೆಂದು ಲೀಲಾಬಾಯಿ ಜಗಳಾಡಿ ಅದನ್ನು ಮನೆಗೆ ತರಿಸಿಕೊಂಡಿದ್ದಳು.

ಅವಳ ಸಿಟ್ಟಿಗೆ ಇನ್ನೊಂದು ಬೇರೂ ಇತ್ತು. ಅವಳು ಗಜೇಂದ್ರಗಡದ ಸಾಲಿ ಮಾಸ್ತರರ ಮಗಳು. ವರ ಕಾಲೇಜಿನಲ್ಲಿ ಕಲಿಸುತ್ತಾನೆ ಎಂದು ಕೇಳಿದ್ದಕ್ಕೇ ಮದುವೆಗೆ ಹೂಂ ಅಂದವಳು. ಮದುವೆಯಾದ ಹೊಸತರಲ್ಲಿ ರೋಣದ ಹೈಸ್ಕೂಲಿನ ಸಮಾರಂಭದಲ್ಲಿ ಗಂಡ ಒಂದೇ ಒಂದು ಶ್ಲೋಕ ಹಿಡಿದು ತಾಸುಗಟ್ಟಲೆ ಮಾತಾಡಿದ್ದನ್ನು ಹೆಂಗಸರ ಸಾಲಿನಲ್ಲಿ ಕೂತು ಕೇಳಿದ್ದಳು. ಕಡಲೆ ಮಾರಲು ಬಂದ ರೈತರು ಕಿಟಕಿಯ ಹೊರಗೆ ನಿಂತು ಕೇಳಿದ್ದರು. ಆ ಗಂಡ ಎಲ್ಲಿ ಹೋದ ಎಂಬುದೇ ಅವಳ ತಗಾದೆ. ಈಗ ಪೇಟೆಯಲ್ಲಿ ಅವನಿಗೆ "ಎಲಿ ಆಚಾರ್ರು" ಎಂದು ಹೆಸರು ಬಿದ್ದಿತ್ತು.

ಅಂದು ಮುಂಜಾನೆ, ಕೋಟು ಇನ್ನೂ ಕೈಯಲ್ಲಿರುವಾಗಲೇ ಹಾಲಸಿದ್ದಪ್ಪ ಬಾಗಿಲಿಗೆ ಬಂದ. ಅವನು ಅಸೂಟಿಯವನು, ಎರಡು ಮಕ್ಕಳ ತಂದೆ, ದಪ್ಪ ಮೀಸೆ. ಅಸೂಟಿಯ ಸಾಲಿಯಲ್ಲಿ ಮಾಸ್ತರನಾಗಿದ್ದವನು ಸೂಡಿಯವರ ಅದೇ ಶ್ಲೋಕದ ಭಾಷಣವನ್ನು ಕಿಟಕಿಯ ಹೊರಗೆ ನಿಂತು ಕೇಳಿ, ಬಿನ್‌ಪಗಾರಿ ರಜೆ ಹಾಕಿ, ಸಂಸ್ಕೃತ ತೆಗೆದುಕೊಂಡು ಕಾಲೇಜು ಸೇರಿದ್ದ. ಹೆಂಡತಿ ಹೊಲ ನೋಡಿಕೊಳ್ಳುತ್ತಿದ್ದಳು, ಅವನು ರೋಣದಲ್ಲಿ ಅತ್ತೆಯ ಮನೆಯಲ್ಲಿದ್ದು ದಿನವೂ ಗದುಗಿಗೆ ಹೋಗುತ್ತಿದ್ದ.

"ಬಾಯಾರ, ಇವತ್ತರ ಸರ್ ಬರ್ತಾರಲ್ರಿ?" ಎಂದ.

"ಬರ್ತಾರ, ಯಾಕ ಬರೂದಿಲ್ಲ."

"ಹಂಗಲ್ರಿ. ಪಕ್ಷ ನಡದೈತಿ, ಅದಕ್ಕ ಕೇಳಿದೆ. ಧಾರವಾಡದ ಸಾಹೇಬರು ಪ್ರಶ್ನಿ ಕೇಳಿದರ ನಾವ್ ಏನರ ಹೇಳಬೇಕಲ್ರಿ. ಪುಸ್ತಕದಾಗ ಮೊದಲನೇ ಸರ್ಗಾನ ಮುಗದಿಲ್ಲ."

"ನೀವು ಮುಂಜಾನಿ ಬಸ್ಸಿಗೆ ಹೋಗ್ರಿ. ಅವರು ಒಂದರ ಬಸ್ಸಿಗೆ ಬರ್ತಾರ" ಎಂದಳು ಲೀಲಾಬಾಯಿ. ಹೇಳುವಾಗ ತಂಬಿಗೆಯನ್ನು ಕೋಟಿನ ತೋಳಿನ ಮೇಲೆ ಸ್ವಲ್ಪ ಜೋರಾಗಿಯೇ ಒತ್ತಿದಳು.

ಯಾಕೆಂದರೆ ಹಿಂದಿನ ಸಂಜೆ ಅದೇ ವಿಷಯಕ್ಕೆ ಮನೆಯಲ್ಲಿ ರಾದ್ಧಾಂತವಾಗಿತ್ತು. ಊರಿನ ದೊಡ್ಡ ವಕೀಲರು ದತ್ತಾತ್ರೇಯರಾಯರು. ಅವರ ತಂದೆಯ ಪಕ್ಷದ ತಿಥಿ ಬಿದ್ದದ್ದು ಸರಿಯಾಗಿ ತಪಾಸಣೆಯ ದಿನವೇ.

"ವಕೀಲರ ಮನಿ ಎಲಿ ಬಿಟ್ರ ಊರಾಗ ತಲಿ ಎತ್ತಲಿಕ್ಕಾಗೂದಿಲ್ಲ" ಎಂದಿದ್ದರು ವಾಸುದೇವಾಚಾರ್ಯರು.

"ಪಾಠ ಬಿಟ್ರ ತಲಿ ಎತ್ತಲಿಕ್ಕೆ ಬರ್ತದೇನು?"

"ಎರಡೂ ಆಗ್ತದ ಅಂತೀನಿ. ಹನ್ನೆರಡೂವರಿಗೆ ಊಟ ಮುಗಿತದ. ಒಂದಕ್ಕ ಬಸ್ಸು. ಮೂರಕ್ಕ ಪಾಠ."

"ಉಂಡ ಮ್ಯಾಲ ದಾರಿ ನಡಿಬಾರದು, ಪಾಠ ಹೇಳಬಾರದು ಅಂತ ಸಾವಿರ ಸಲ ನೀವೇ ಹೇಳೀರಿ. ಹೊಟ್ಟಿನೋವು ಅಂತ ರಜಾ ಹಾಕಿದಾಗೆಲ್ಲ ಅದನ್ನೇ ಹೇಳೀರಿ."

"ಇದು ಆಪದ್ಧರ್ಮ" ಎಂದು ಆಚಾರ್ಯರು ಮಾತು ಮುಗಿಸಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ. ಓದಿದವರಿಗೆ ನೆವವೂ ಸಂಸ್ಕೃತದಲ್ಲೇ ಸಿಗುತ್ತದೆ.

ಒಂದು ಹೊಡೆಯುವುದಕ್ಕೆ ಇನ್ನೂ ಹೊತ್ತಿರುವಾಗಲೇ ಲೀಲಾಬಾಯಿ ಕೋಟು, ಟೊಪ್ಪಿಗೆ, ಪಾಠದ ಪುಸ್ತಕ ಎಲ್ಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು. ಗದುಗಿನ ಬಸ್ಸಿನ ಡ್ರೈವರ್ ಬಾಷಾಸಾಬ ಟಾಯರಿಗೆ ಒದ್ದು ಗಾಳಿ ನೋಡುತ್ತಿದ್ದ.

"ಬಾಷಾಸಾಬ, ಇವತ್ತ ಐದು ಮಿನಿಟು ತಡಾ ಆದರೂ ನಮ್ಮನಿಯವರನ್ನ ಬಿಟ್ಟು ಹೋಗಬ್ಯಾಡ್ರಿ. ವಕೀಲರ ಮನ್ಯಾಗ ಎಲಿಗೆ ಕೂತಾರ."

"ವಕೀಲರ ಮನ್ಯಾಗೇನ್ರಿ?" ಬಾಷಾಸಾಬ ಗಡ್ಡ ಕೆರೆದುಕೊಂಡ. "ಆ ಮನ್ಯಾಗ ಊಟಕ್ಕ ಕುಂತವರು ಲಗೂ ಎದ್ದದ್ದ ನಾ ಕಂಡಿಲ್ರಿ. ಇರ್ಲಿ ಬಾಯಾರ, ಹಾರನ್ ಹೊಡಿತೀನಿ. ಕೇಳಿದ ಕೂಡಲೇ ಎಬ್ಬಿಸ್ಕೊಂಡು ಬರ್ರಿ."

ವಕೀಲರ ವಾಡೆ ಸ್ಟ್ಯಾಂಡಿನ ಹಿಂದೆಯೇ. ಒಳಗೆ ಮಡಿ, ಇವಳು ಮಡಿಯಲ್ಲಿರಲಿಲ್ಲ. ಹಾಗಾಗಿ ಹಿತ್ತಲ ಬಾಗಿಲಿಗೆ ಹೋಗಿ ತುಳಸಿಕಟ್ಟೆಯ ಮಗ್ಗುಲಿಗೆ ಕೋಟು ಹಿಡಿದು ನಿಂತಳು. ಅಲ್ಲಿಂದ ಪಡಸಾಲೆ ನೇರ ಕಾಣುತ್ತಿತ್ತು. ಎರಡು ಎಲೆ ಹಾಕಿದ್ದರು. ಒಂದಕ್ಕೆ ಅವಳ ಗಂಡ. ಇನ್ನೊಂದಕ್ಕೆ ಯಾರೋ ಪರ ಊರಿನವರು. ದಪ್ಪ ಆಳು, ಬಂಗಾರದ ಕಟ್ಟಿನ ಚಸ್ಮಾ. ಪ್ರತಿವರ್ಷ ಆ ಎಲೆಗೆ ಧಾರವಾಡದ ಒಬ್ಬ ಮುದಿ ಶಾಸ್ತ್ರಿಗಳು ಬರುತ್ತಿದ್ದರು. ಈ ವರ್ಷ ಅವರಿಗೆ ಏಳಲಾಗದೆ ತಮ್ಮ ಬದಲು ಇವರನ್ನು ಕಳಿಸಿದ್ದಾರೆ, ಮುಂಜಾನೆ ಬಸ್ಸಿನಿಂದ ಇಳಿದು ನೇರ ಸ್ನಾನಕ್ಕೆ ಹೋದರು ಎಂದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕರೆವ್ವ ಹೇಳಿದಳು. ಹೆಸರು ಅವಳಿಗೂ ಗೊತ್ತಿರಲಿಲ್ಲ.

ಶ್ರಾದ್ಧದ ಎಲೆಗೆ ಕೂತವರು ಮಾತಾಡುವಂತಿಲ್ಲ. ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಕೈಸನ್ನೆಯೇ. ಇಬ್ಬರೂ ಮೂಗರಂತೆ ಕೂತು ಉಣ್ಣುತ್ತಿದ್ದರು. ಆದರೆ ಆ ವಾಡೆಯಲ್ಲಿ ಊಟ ಸುಲಭವಾಗಿ ಮುಗಿಯುವಂಥದಲ್ಲ. ವಕೀಲರ ತೀರಿಹೋದ ತಂದೆ ರೋಣ ತಾಲೂಕಿಗೇ ಹೆಸರಾದ ಊಟಗಾರರು. ಈಗ ಅವರ ಸ್ಥಾನದಲ್ಲಿ ಕೂತವರು ಅವರಷ್ಟು ಉಣ್ಣದಿದ್ದರೆ ಪಿತೃಗಳಿಗೆ ತೃಪ್ತಿಯಾಗುವುದು ಹೇಗೆ?

"ಇನ್ನೆರಡು ವಡಿ ಹಾಕಿಸ್ಕೋರಿ ಆಚಾರ್ಯರ, ನಮ್ಮ ಮಾವನವರಿಗೆ ವಡಿ ಅಂದ್ರ ಜೀವ" ಎನ್ನುತ್ತ ವಕೀಲರ ಹೆಂಡತಿ ಶಾರದಾಬಾಯಿ ಬಾಗಿದರು. ವಾಸುದೇವಾಚಾರ್ಯರು ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಶಾರದಾಬಾಯಿ ಕೈಗಳ ಸಂದಿಯಲ್ಲೇ ವಡೆ ಇಳಿಸಿದರು. ಅತ್ತ ದಪ್ಪ ಮನುಷ್ಯರೂ ಕೈ ಅಡ್ಡ ಹಿಡಿದರು. ಅವರಿಗೂ ಬಿತ್ತು. ಹಿಂದೆಯೇ ಘಾರಿಗೆ ಬಂತು, ಖೀರು ಬಂತು.

ಲೀಲಾಬಾಯಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ತನ್ನ ಗಂಡ ಘಳಿಗೆಗೊಮ್ಮೆ ಗೋಡೆಯ ಗಡಿಯಾರ ನೋಡುವುದು ಸರಿ. ಈ ದಪ್ಪ ಮನುಷ್ಯರೂ ಯಾಕೆ ಅದನ್ನೇ ನೋಡಬೇಕು? ಸ್ಟ್ಯಾಂಡಿನಿಂದ ಬಾಷಾಸಾಬನ ಹಾರನ್ ಕೇಳಿಸಿತು. ಇಬ್ಬರ ಕತ್ತೂ ಒಟ್ಟಿಗೇ ಬಾಗಿಲ ಕಡೆ ತಿರುಗಿದವು, ಒಟ್ಟಿಗೇ ಎಲೆಗೆ ಮರಳಿದವು. ವಕೀಲರು ಮಾತ್ರ ಕಣ್ಣು ಒರೆಸಿಕೊಳ್ಳುತ್ತ, "ಸಾವಕಾಶ ಆಗ್ಲಿ, ಅಪ್ಪ ಎಂದೂ ಗಡಿಬಿಡಿ ಮಾಡಿದವರಲ್ಲ" ಎಂದರು.

ಎರಡನೆಯ ಹಾರನ್ನೂ ಆಯಿತು. ಲೀಲಾಬಾಯಿ ಮನಸ್ಸಿನಲ್ಲೇ ವಕೀಲರನ್ನು, ಅವರ ಅಪ್ಪನನ್ನು, ವಡೆಯನ್ನು, ಉದ್ದು ಬೆಳೆದ ಹೊಲವನ್ನು, ಎಲ್ಲವನ್ನೂ ಬೈದಳು. ಅಂತೂ ತೃಪ್ತಿಯಾಯಿತೇ ಎಂದು ವಕೀಲರು ಕೇಳಿ, ಆಯಿತು ಎಂದು ಇವರು ತಲೆ ಅಲ್ಲಾಡಿಸಿ, ಕೈ ತೊಳೆಯಲು ಇಬ್ಬರೂ ಹಿತ್ತಲಿಗೆ ಬಂದರು. ನಡೆಯುತ್ತಿರಲಿಲ್ಲ, ಹೊಟ್ಟೆ ಮುಂದಿಟ್ಟುಕೊಂಡು ತೇಲುತ್ತಿದ್ದರು.

"ಗದಗಿನ ಬಸ್ಸು ಹೋತೇನು?" ದಪ್ಪ ಮನುಷ್ಯರು ಬಾಯಿ ಮುಕ್ಕಳಿಸುತ್ತ ಮೊದಲ ಮಾತು ಆಡಿದರು.

"ಇಲ್ರಿ, ನಿಂತದ" ಎಂದರು ವಾಸುದೇವಾಚಾರ್ಯರು. "ನಾನೂ ಅದಕ್ಕೇ ಹೊಂಟೀನಿ. ಮೂರಕ್ಕ ಕಾಲೇಜಿನಾಗ ತಪಾಸಣಿ ಅದ."

ದಪ್ಪ ಮನುಷ್ಯರ ಬಾಯಲ್ಲಿದ್ದ ನೀರು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಉಗುಳಿದರು. "ಯಾವ ವಿಷಯದ ತಪಾಸಣಿ?"

"ಸಂಸ್ಕೃತ. ಧಾರವಾಡದಿಂದ ಪ್ರೊಫೆಸರ್ ಕೊಣ್ಣೂರ ಅಂತ ಬರೋರಿದ್ದಾರ."

"ಕೊಣ್ಣೂರ ನಾನೇ ನೋಡ್ರಿ" ಎಂದರು ಅವರು.

ಕರೆವ್ವ ಪಾತ್ರೆ ತಿಕ್ಕುವುದನ್ನು ಬಿಟ್ಟು ತಲೆ ಎತ್ತಿದಳು. ತಪಾಸಣೆಗೆ ಬಂದವರು ಯಾರದೋ ಅಜ್ಜನಾಗಿ ವಡೆ ತಿಂದಿದ್ದರು, ತಪಾಸಣೆಗೆ ಒಳಗಾಗುವವರು ಅವರ ಮಗ್ಗುಲಿಗೇ ಕೂತು ಖೀರು ಸುರಿದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈಗ ಜಗಳವಾಗುತ್ತದೆ, ಇಲ್ಲವೇ ಇಬ್ಬರಿಗೂ ನಾಚಿಕೆಯಾಗಿ ಬಸ್ಸಿಗೆ ಓಡುತ್ತಾರೆ ಎಂದು ಲೀಲಾಬಾಯಿ ಕಾದಳು. ಕೋಟಿನ ಕೊರಳಪಟ್ಟಿ ಹಿಡಿದು, ತೊಡಿಸಲು ಸುಲಭವಾಗಲೆಂದು ಎರಡೂ ಕೈಯಲ್ಲಿ ಅಗಲಿಸಿಯೂ ನಿಂತಳು.

ನಾಚಿಕೆ ಇಬ್ಬರಿಗೂ ಆಗಲಿಲ್ಲ. ಕೊಣ್ಣೂರ ಪ್ರೊಫೆಸರರ ಮುಖ ಮೊದಲು ಸಡಿಲಾಯಿತು.

"ನೀವೂ ವಿದ್ವಾಂಸರು, ನಿಮಗ ಹೇಳೋದೇನದ" ಎಂದರು. "ಶ್ರಾದ್ಧ ಉಂಡವರು ಈ ದಿನ ಪ್ರಯಾಣ ಮಾಡೋ ಹಂಗಿಲ್ಲ. ಅಧ್ಯಾಪನವಂತೂ ಕೂಡದೇ ಕೂಡದು. ನಾ ಹೋಗೋ ಹಂಗಿಲ್ಲ, ನೀವು ಕಲಿಸೋ ಹಂಗಿಲ್ಲ. ಶಾಸ್ತ್ರ ಇಬ್ಬರ ಕೈನೂ ಕಟ್ಟೇದ."

"ಖರೇ ಅದ" ಎಂದರು ವಾಸುದೇವಾಚಾರ್ಯರು. ಆಪದ್ಧರ್ಮ ಎಲ್ಲಿ ಹೋಯಿತೋ, ಅದರ ಸುದ್ದಿಯೇ ಇರಲಿಲ್ಲ.

"ಮುಂಜಾನಿ ಎಲಿಗೆ ಕೂಡೋ ಮುಂದ ಈ ಶಾಸ್ತ್ರ ನೆನಪಿರಲಿಲ್ಲೇನು?" ಎಂದಳು ಲೀಲಾಬಾಯಿ. ಪರ ಗಂಡಸರ ಮುಂದೆ ಮಾತಾಡಿ ರೂಢಿಯಿಲ್ಲದವಳು, ತುಳಸಿಕಟ್ಟೆಗೆ ಹೇಳಿದಂತೆ ಹೇಳಿದಳು. "ಅಲ್ಲಿ ಹುಡುಗರು ಕಾಯ್ಲಿಕ್ಕೆ ಹತ್ಯಾರ. ಬಸ್ಸು ಕಾಯ್ಲಿಕ್ಕೆ ಹತ್ತೇದ. ನಾ ಕೋಟು ಹಿಡಕೊಂಡು ನಿಂತೀನಿ."

"ನಮ್ಮ ಮನಿಯವರು" ಎಂದು ಪರಿಚಯ ಮಾಡಿಕೊಟ್ಟರು ಆಚಾರ್ಯರು.

"ಭಾಳ ಸಂತೋಷ" ಎಂದರು ಪ್ರೊಫೆಸರರು. "ಕಾಳಜಿ ಮಾಡಬ್ಯಾಡ್ರಿ ತಾಯಿ. ಇವರ ವಿದ್ವತ್ತನ್ನ ಇಷ್ಟು ಹತ್ತರದಿಂದ ನೋಡಲಿಕ್ಕೆ ಕ್ಲಾಸಿನಾಗ ಸಿಗತಿತ್ತೇನು?" ಹಾಗೆಂದು ದೊಡ್ಡದಾಗಿ ತೇಗಿದರು. ಒಳಗೆ ವಕೀಲರು ಚಾಪೆ ಹಾಸಿ ತಲೆದಿಂಬು ಇಡಿಸಿದ್ದರು. ಇಬ್ಬರೂ ತಾಂಬೂಲ ಹಾಕಿಕೊಂಡು ಅಡ್ಡಾದರು. ಅವಳಿನ್ನೂ ಹಿತ್ತಲ ಬಾಗಿಲು ದಾಟಿರಲಿಲ್ಲ, ಗೊರಕೆ ಕೇಳಿಸಿತು. ಯಾರದೆಂದು ತಿರುಗಿ ನೋಡುವ ಮನಸ್ಸೂ ಅವಳಿಗಾಗಲಿಲ್ಲ.

ಸ್ಟ್ಯಾಂಡಿನಲ್ಲಿ ಮಂದಿ ಗೊಣಗುತ್ತಿದ್ದರು. ಮುಶಿಗೇರಿಯ ಫಕೀರವ್ವ ಎಂಬ ಮುದುಕಿ ಗದುಗಿನ ದವಾಖಾನೆಗೆ ಹೊರಟವಳು, ಕಿಟಕಿಯಿಂದ ತಲೆ ಹೊರಹಾಕಿ, "ಯಾವ ದೊರಿ ಬರೂದೈತಪಾ ಇನ್ನ" ಎಂದು ಬಾಷಾಸಾಬನಿಗೆ ಕೇಳುತ್ತಿದ್ದಳು. ಲೀಲಾಬಾಯಿ ಒಬ್ಬಳೇ ಬರುವುದನ್ನು ನೋಡಿ ಬಾಷಾಸಾಬನಿಗೆ ಎಲ್ಲ ತಿಳಿಯಿತು.

"ಬರೂದಿಲ್ಲೇನ್ರಿ?"

"ಇಲ್ಲ."

"ಹಂಗಾರ ಕೋಟರ ಕಳಸ್ರಿ, ಬಾಯಾರ" ಎಂದ ಅವನು, ನಗಿಸಲೆಂದು. "ದಿನಾ ಅದೇ ಅಲ್ರಿ ಅಲ್ಲಿ ಡ್ಯೂಟಿ ಮಾಡೂದು."

ಲೀಲಾಬಾಯಿಗೆ ನಗು ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಕೋಟನ್ನು ಟೊಪ್ಪಿಗೆ ಸಮೇತ ಅವನ ಕೈಗೆ ತುರುಕಿದಳು. "ಒಯ್ಯಿರಿ. ಹಾಲಸಿದ್ದಪ್ಪನ ಕೈಗೆ ಕೊಡ್ರಿ. ಕುರ್ಚಿಗೆ ಹಾಕು ಅಂತ ಹೇಳ್ರಿ" ಎಂದು ತಿರುಗಿ ನೋಡದೆ ಮನೆಗೆ ಹೊರಟಳು.

ಗದುಗಿನ ಸ್ಟ್ಯಾಂಡಿನಲ್ಲಿ ಧಾರವಾಡದ ಅತಿಥಿಯನ್ನು ಎದುರುಗೊಳ್ಳಲು ಪ್ರಿನ್ಸಿಪಾಲರು ಹಾರ ಕೊಟ್ಟು ಹಾಲಸಿದ್ದಪ್ಪನನ್ನೇ ಕಳಿಸಿದ್ದರಂತೆ. ಅತಿಥಿಯೂ ಇಳಿಯಲಿಲ್ಲ, ಸರ್ ಕೂಡ ಇಳಿಯಲಿಲ್ಲ. ಇಳಿದದ್ದು ಇಸ್ತ್ರಿ ಮಾಡಿದ ಕೋಟು. ಅವನು ಅದನ್ನು ಮಡಿಕೆ ಬೀಳದಂತೆ ತೋಳ ಮೇಲೆ ಹಾಕಿಕೊಂಡು ಹೋಗಿ, ಸರ್ ಕುರ್ಚಿಯ ಬೆನ್ನಿಗೆ ತೊಡಿಸಿ, ಎದುರಿನ ಬಾಕಿನಲ್ಲಿ ಕೂತ. ಉಳಿದ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಅವನು ಐದರ ತನಕ ಕೂತಿದ್ದನಂತೆ. ಮೂರು ಗಂಟೆಯ ತಪಾಸಣೆಗೆ ಸರಿಯಾದ ಹೊತ್ತಿಗೆ ಹಾಜರಾದವರು ಅವರಿಬ್ಬರೇ, ಅವನೂ ಕೋಟೂ.

ಮರುದಿನ ಪ್ರೊಫೆಸರು ಮತ್ತು ಲೆಕ್ಚರರು ಒಂದೇ ಸೀಟಿನಲ್ಲಿ ಕೂತು ಗದುಗಿಗೆ ಹೋದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತದ್ದರಿಂದ ನಿನ್ನೆ ಬರಲಾಗಲಿಲ್ಲ ಎಂದು ಪ್ರಿನ್ಸಿಪಾಲರಿಗೆ ಹೇಳಿದರು. ಪ್ರಿನ್ಸಿಪಾಲರು ಚಹಾ ತರಿಸಿದರು. ಕ್ಲಾಸಿನ ಕಡೆ ಯಾರೂ ಹೋಗಲಿಲ್ಲ; ಪ್ರೊಫೆಸರರಿಗೆ ಹತ್ತೂವರೆಯ ರೈಲು ಹಿಡಿಯುವುದಿತ್ತು. ಚಹಾದ ಮೇಜಿನ ಮೇಲೆಯೇ ಒಪ್ಪಿಗೆ ಬರೆದು ಸಹಿ ಹಾಕಿದರು. ಬಸ್ಸು ಕೆಟ್ಟ ಸುದ್ದಿ ನಾಲ್ಕು ದಿನದ ಮೇಲೆ ಬಾಷಾಸಾಬನ ಕಿವಿಗೂ ಬಿತ್ತು. ಅವನಿಗೆ ಬಂದ ಸಿಟ್ಟು ನ್ಯಾಯವಾದದ್ದು. "ನನ್ನ ಗಾಡಿ ಎಂದ ಕೆಟ್ಟಿತ್ತ್ರಿ ಬಾಯಾರ? ಊರ ಹೊಟ್ಟಿ ಕೆಟ್ಟರ ಗಾಡಿ ಮ್ಯಾಲ ಹಾಕ್ತಾರೇನ್ರಿ?" ಎಂದು ಲೀಲಾಬಾಯಿಯನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ.

ಯುಗಾದಿಯ ಎದುರಿಗೆ ನೌಕರಿ ಕಾಯಂ ಆದ ಆರ್ಡರು ಬಂತು.

ಬೇಕಾದದ್ದು ಬೇಡದ ದಾರಿಯಲ್ಲಿ ಬಂದರೂ ಬಂತಲ್ಲ ಎಂದು ಲೀಲಾಬಾಯಿ ಮನಸ್ಸು ಗಟ್ಟಿ ಮಾಡಿಕೊಂಡಳು. ಹೋಳಿಗೆ ಮಾಡಿದಳು. ಅಟ್ಟದ ತಂಬಿಗೆಗಳನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟಳು. ಪಾತ್ರೆ ಮಾರುವ ಬೋಗಾರರಿಗೆ ಹಾಕಿ ಬದಲಿಗೆ ಒಂದು ಇಸ್ತ್ರಿ ಪೆಟ್ಟಿಗೆ ತರುವ ಲೆಕ್ಕಾಚಾರ. ಉಂಡು ಕೈ ತೊಳೆದ ಗಂಡನ ಮುಂದೆ ನಿಂತು ಕೇಳಿದಳು:

"ಇನ್ನ ಎಲಿ ಬಿಟ್ರಲ್ಲ?"

ವಾಸುದೇವಾಚಾರ್ಯರು ಒಂದು ತಂಬಿಗೆ ಎತ್ತಿ ನೋಡಿ ಕೆಳಗಿಟ್ಟರು.

"ಹ್ಯಾಂಗ ಬಿಡ್ಲಿಕ್ಕೆ ಬರ್ತದ ಹೇಳು" ಎಂದರು. "ಕೊಣ್ಣೂರ ಅವರು ಹೇಳಿ ಕಳಿಸ್ಯಾರ. ಬರೋ ವರ್ಷ ವಕೀಲರ ಮನ್ಯಾಗ ಮತ್ತ ನಾವಿಬ್ಬರೂ ಜೋಡೀಲೇ ಕೂಡೋಣ ಅಂತ. ನರಗುಂದದಾಗೂ ಒಂದೆರಡು ಚಲೋ ಮನಿ ನೋಡಿಡ್ರಿ ಅಂದಾರ. ಕಾಯಂ ಮಾಡಿಸಿದವರೇ ಅವರು. ನಾ ಎಲಿ ಬಿಟ್ಟೆ ಅಂದ್ರ ಅವರು ಏನಂತ ತಿಳ್ಕೋಬೇಕು?"

"ನೀವು ದೀಪದ ಮುಂದ ನಿಂತು ಮಾತು ಕೊಟ್ಟಿದ್ರಿ."

"ಅವಾಗ ನೌಕರಿ ಪಾಠದಿಂದ ಕಾಯಂ ಆಗ್ತದ ಅಂತ ತಿಳಿದಿದ್ದೆ" ಎಂದರು ಆಚಾರ್ಯರು. ಅದು ಖರೇ ಮಾತು. ಅವರು ಸುಳ್ಳು ಹೇಳಿದ್ದರೆ ಅವಳು ಜಗಳಾಡುತ್ತಿದ್ದಳು. ಈಗ ತಂಬಿಗೆಗಳನ್ನು ಒಂದೊಂದಾಗಿ ಮತ್ತೆ ಅಟ್ಟಕ್ಕೆ ಏರಿಸಿದಳು.

ಕಾಯಂ ಆದ ಮೇಲೆ ಸೂಡಿ ಸರ್‌ಗೆ ಮೇ ತಿಂಗಳ ಭಯವೂ ಹೋಯಿತು. ಮೊದಲು ಎಲೆ ಇದ್ದ ದಿನ ಹೊಟ್ಟೆನೋವು ಎಂದಾದರೂ ಹೇಳಿ ಕಳಿಸುತ್ತಿದ್ದರು, ಈಗ ಅದೂ ಇಲ್ಲ. ಕೋಟು ಪೂರ್ತಿ ಗದುಗಿನ ವಾಸಿಯಾಯಿತು.

ಆ ವರ್ಷ ಹಾಲಸಿದ್ದಪ್ಪ ಸಂಸ್ಕೃತದಲ್ಲಿ ನಪಾಸಾದ. ಉಳಿದೆಲ್ಲದರಲ್ಲೂ ಪಾಸು. ರಜೆ ಮುಗಿದಿತ್ತು, ಇನ್ನೊಂದು ವರ್ಷ ಪಗಾರವಿಲ್ಲದೆ ಇರುವಂತಿರಲಿಲ್ಲ. ಅಸೂಟಿಯ ಸಾಲಿಗೆ ಮರಳಿ ಹೋದ. ಶ್ರಾವಣದಲ್ಲಿ ಒಂದು ದಿನ ರೋಣದ ಸಂತೆಗೆ ಬಂದವನು ಬಾಗಿಲಿಗೆ ಬಂದು ಒಂದು ಗಂಟು ಹೆಸರುಕಾಳು ಕೊಟ್ಟ. ಗುರುಗಳ ಮನೆಗೆ ಬರಿಗೈಲಿ ಬರಬಾರದೆಂದು ತಂದಿದ್ದ. ಗುರುಗಳು ನರಗುಂದದಲ್ಲಿದ್ದರು.

ಲೀಲಾಬಾಯಿಗೆ ಅವನ ಮುಖ ನೋಡಲಾಗಲಿಲ್ಲ. ನೀರು, ಬೆಲ್ಲ ತಂದಿಟ್ಟಳು. "ನಿಮ್ಮ ವರ್ಷ ಹಾಳಾತು, ಹಾಲಸಿದ್ದಪ್ಪ" ಎಂದಳು. "ನಮ್ಮಿಂದ ಹಾಳಾತು."

"ಇಲ್ಬಿಡ್ರಿ ಬಾಯಾರ. ಸರ್ ಕಲಿಸಿದಷ್ಟು ದಿನ ಭಾಳ ಚಲೋ ಕಲಿಸಿದ್ರು. ಆ ಒಂದು ಶ್ಲೋಕ ಈಗೂ ನಾ ನಮ್ಮ ಸಾಲಿ ಹುಡುಗರಿಗೆ ಹೇಳ್ತೀನ್ರಿ." ಅವನು ನೀರು ಕುಡಿದು ಎದ್ದ. ಹೊಸ್ತಿಲ ಹತ್ತಿರ ಹೋಗಿ ತಿರುಗಿ ನಿಂತ. ವ್ಯಂಗ್ಯ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ, ಮನೆಯವರಿಗೆ ತಿಳಿಸಬೇಕಾದ ಒಂದು ಸಣ್ಣ ಕೆಲಸ ನೆನಪಾದಂತೆ ಹೇಳಿದ. "ಸರ್ ಕೋಟಿನ ಎಡಗಡಿ ಕೆಳಗಿಂದು ಗುಂಡಿ ಹೋಗೇತ್ರಿ. ಒಳಗಿನ ಅಸ್ತರನೂ ಹೆಗಲ ಹತ್ರ ಬಿಚ್ಚೇತಿ. ವರ್ಷೆಲ್ಲ ಅದರ ಎದುರಿಗೇ ಕುಂತಿದ್ನೆಲ್ರಿ, ನೋಡೀನಿ. ಹಚ್ಚಿಸ್ರಿ."

ದಸರೆಯ ಸೂಟಿಗೆ ಕೋಟು ಮನೆಗೆ ಬಂತು. ಲೀಲಾಬಾಯಿ ಅದನ್ನು ಬೆಳಕಿಗೆ ಹಿಡಿದಳು. ಗುಂಡಿ ಅವನು ಹೇಳಿದಲ್ಲೇ ಹೋಗಿತ್ತು. ಅಸ್ತರು ಅವನು ಹೇಳಿದಲ್ಲೇ ಬಿಚ್ಚಿತ್ತು. ಮದುವೆಯಾಗಿ ಇಷ್ಟು ವರ್ಷ ಆ ಕೋಟನ್ನು ಒಗೆದು, ಇಸ್ತ್ರಿ ಮಾಡಿದ ಅವಳೂ ಅದನ್ನು ಅಷ್ಟು ನಿಗಾ ಇಟ್ಟು ನೋಡಿರಲಿಲ್ಲ.

ಡಬ್ಬಿಯಿಂದ ಹೊಂದುವ ಗುಂಡಿ ಹುಡುಕಿದಳು, ಸೂಜಿಗೆ ಕರಿ ದಾರ ಪೋಣಿಸಿದಳು. ಒಳಗೆ ವಾಸುದೇವಾಚಾರ್ಯರು ಮರುದಿನದ ಎಲೆಗೆಂದು ರಾತ್ರಿಯೂಟ ಬಿಟ್ಟು ಸಂಜೆಗೇ ಮಲಗಿದ್ದರು. ಅವಳು ಸೂಜಿಯನ್ನು ಕೋಟಿಗೆ ಚುಚ್ಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ಕೂತು, ಮತ್ತೆ ಹೊರಗೆ ಎಳೆದಳು. ದಾರ ಸುತ್ತಿ ಗುಂಡಿಯನ್ನು ಡಬ್ಬಿಗೆ ಹಾಕಿದಳು. ಆ ಕೋಟನ್ನು ಕೂತು ನೋಡುತ್ತಿದ್ದವನು ಒಬ್ಬನೇ, ಅವನೂ ಈಗ ಆ ಕ್ಲಾಸಿನಲ್ಲಿ ಇರಲಿಲ್ಲ.